ಆರಿದ ತಟ್ಟೆಗೆ ಎಷ್ಟು ಮಾರ್ಕ್ಸ್? ಟಿವಿ ಅಡುಗೆ ಸ್ಪರ್ಧೆಯ ಲೆಕ್ಕಾಚಾರ

ರಾತ್ರಿ ಊಟ ಮುಗಿಸಿ ಟಿವಿ ಮುಂದೆ ಕೂತಿದ್ದೆವು. ಅಡುಗೆ ಸ್ಪರ್ಧೆ ನಡೆದಿತ್ತು. ಹತ್ತರಿಂದ ಒಂದರವರೆಗೆ ಎಣಿಸಿದರು, ಎಲ್ಲರೂ ಕೈ ಮೇಲೆತ್ತಿ ನಿಂತರು. ಆಮೇಲೆ ಜಾಹೀರಾತು. ಆಮೇಲೆ ಒಬ್ಬೊಬ್ಬರನ್ನೇ ಕರೆದು, ಊರು, ಮನೆ, ಕಷ್ಟ ಸುಖ ಎಲ್ಲ ಕೇಳಿ, ಕೊನೆಗೆ ತೀರ್ಪುಗಾರರು ಒಂದು ಚಮಚ ಬಾಯಿಗಿಟ್ಟರು. ಅಲ್ಲಿವರೆಗೆ ಸುಮ್ನೆ ನೋಡುತ್ತಿದ್ದ ಅವ್ವ ಕೇಳಿದಳು: "ಅಲ್ಲಾ, ಇಷ್ಟೊತ್ತು ಮಾತಾಡಿ ಆರಿದ ಮ್ಯಾಲೆ ತಿಂತಾರಲ್ಲ, ಏನು ರುಚಿ ಹತ್ತತೈತಿ ಅವರಿಗೆ?"

ಧಾರವಾಡದ ನಮ್ಮ ಮನೆಯಲ್ಲಿ ರೊಟ್ಟಿ ಹಂಚಿನಿಂದ ನೇರ ತಟ್ಟೆಗೆ ಬರುತ್ತದೆ. ಉಣ್ಣುವವರು ಮೊದಲು ಕೂರಬೇಕು, ರೊಟ್ಟಿ ಆಮೇಲೆ. ಐವತ್ತು ವರ್ಷ ಹಾಗೆ ರೊಟ್ಟಿ ಬಡಿದವಳ ಪ್ರಶ್ನೆ ಇದು. ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಓಣಿಯ ಮಹಿಳಾ ಮಂಡಳದ ಅಡುಗೆ ಸ್ಪರ್ಧೆಯಲ್ಲಿ ಅಂಕ ಕೂಡಿಸುವ ಕೆಲಸ ನನ್ನದೇ ಆಗಿದ್ದರಿಂದ, ಆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಹುಡುಕುತ್ತಾ ಹೋದಂತೆ ಗೊತ್ತಾಯಿತು, ಅವ್ವ ಕೇಳಿದ್ದು ಇಡೀ ಆಟದ ಬುಡಕ್ಕೇ ಕೈ ಹಾಕುವ ಪ್ರಶ್ನೆ.

ಉತ್ತರ ಮೊದಲು ಹೇಳಿಬಿಡುತ್ತೇನೆ. ಅವರು ಬಿಸಿ ಇದ್ದಾಗಲೂ ರುಚಿ ನೋಡಿರುತ್ತಾರೆ. ಆ ಭಾಗ ನಮಗೆ ಅಷ್ಟಾಗಿ ಕಾಣಿಸುವುದಿಲ್ಲ. ಇಂಥ ಶೋಗಳ ತೀರ್ಪುಗಾರರೇ ಸಂದರ್ಶನಗಳಲ್ಲಿ ಇದನ್ನು ಹೇಳಿದ್ದಾರೆ. ಅಡುಗೆ ನಡೆಯುವಾಗ ಅವರು ಒಲೆಯಿಂದ ಒಲೆಗೆ ತಿರುಗುತ್ತಾರೆ. ಸಾರು, ಮಸಾಲೆ, ಬೇಯುತ್ತಿರುವ ಪಲ್ಯ ಎಲ್ಲ ಅಲ್ಲೇ ಬಾಯಿಗೆ ಬಿದ್ದಿರುತ್ತದೆ. ಟೈಮ್ ಮುಗಿದ ಮೇಲೆ ಕ್ಯಾಮೆರಾದ ಜಾಗ ಬದಲಿಸಬೇಕು, ಲೈಟ್ ಸರಿ ಮಾಡಬೇಕು, ತಟ್ಟೆಯನ್ನು ಹತ್ತಿರದಿಂದ ಚಿತ್ರೀಕರಿಸಬೇಕು. ಅಷ್ಟರಲ್ಲಿ ಅಡುಗೆ ಆರಿಯೇ ಆರುತ್ತದೆ. ಅಮೆರಿಕದ 'ಚಾಪ್ಡ್' ಶೋದಲ್ಲಿ ತೀರ್ಪುಗಾರರು ಮೂವರು, ಆದರೆ ಸ್ಪರ್ಧಿ ನಾಲ್ಕು ತಟ್ಟೆ ಹಾಕಬೇಕು. ನಾಲ್ಕನೆಯದನ್ನು ಯಾರೂ ತಿನ್ನುವುದಿಲ್ಲ, ಅದು ಕ್ಯಾಮೆರಾಕ್ಕೆ.

ಹಾಗಂತ ಅವ್ವನ ಅನುಮಾನ ತಪ್ಪಲ್ಲ. ನಾವು ರುಚಿ ಅನ್ನುವುದರಲ್ಲಿ ದೊಡ್ಡ ಪಾಲು ವಾಸನೆಯದು. ನಾಲಿಗೆಗೆ ತಿಳಿಯುವುದು ಸಿಹಿ, ಉಪ್ಪು, ಹುಳಿ, ಕಹಿ, ಮತ್ತೆ ಉಮಾಮಿ, ಅಂದರೆ ಅಣಬೆ, ಟೊಮೆಟೊಗಳಲ್ಲಿ ಇರುವಂಥ ಸ್ವಾದ. ಈ ಐದನೆಯದಕ್ಕೆ ಹೆಸರಿಟ್ಟವರು ಜಪಾನಿನ ವಿಜ್ಞಾನಿ ಕಿಕುನಾಯೆ ಇಕೆಡಾ, 1908ರಲ್ಲಿ. ಉಳಿದದ್ದು ಬಹುಪಾಲು ಅಗಿಯುವಾಗ ಬಾಯಿಯ ಹಿಂದಿನಿಂದ ಮೂಗಿಗೆ ಏರುವ ವಾಸನೆ. ನೆಗಡಿ ಆದಾಗ ಕಟ್ಟಿನ ಸಾರೂ ಸಪ್ಪೆ ಅನ್ನಿಸುತ್ತದಲ್ವಾ, ಅದಕ್ಕೇ. ಅಡುಗೆ ಬಿಸಿ ಇದ್ದಷ್ಟೂ ವಾಸನೆ ಮೇಲೇಳುತ್ತದೆ. ಆರಿದಂತೆ ಅಡಗುತ್ತದೆ. ಒಗ್ಗರಣೆಯೇ ಜೀವಾಳವಾದ ಅಡುಗೆ ಆರಿದಾಗ ಕಳೆದುಕೊಳ್ಳುವುದು ಜಾಸ್ತಿ.

ನೋಡುವ ನಮಗಂತೂ ಆ ಒಂದು ಚಮಚವೂ ಸಿಗುವುದಿಲ್ಲ. ಕ್ರಿಕೆಟ್‌ನಲ್ಲಿ ಬಾಲ್ ಬೌಂಡರಿ ದಾಟಿದ್ದು ಕಣ್ಣಿಗೆ ಕಾಣುತ್ತದೆ. ಹಾಡಿನ ಸ್ಪರ್ಧೆಯಲ್ಲಿ ಸ್ವರ ಜಾರಿದ್ದು ಕಿವಿಗೆ ಬೀಳುತ್ತದೆ. ಅಡುಗೆ ಸ್ಪರ್ಧೆಯಲ್ಲಿ ಯಾವುದರ ಮೇಲೆ ಸೋಲು ಗೆಲುವು ನಿಂತಿದೆಯೋ ಅದೇ ನಮಗೆ ತಲುಪುವುದಿಲ್ಲ. ಹಾಗಾಗಿ ಶೋ ಮಾಡುವವರು ರುಚಿಯ ಜಾಗದಲ್ಲಿ ಕಾಣುವಂಥದ್ದನ್ನು ತಂದು ಕೂರಿಸಬೇಕಾಗುತ್ತದೆ. ಗಡಿಯಾರ, ಅಂಕ, ಮುಖದ ಮೇಲಿನ ಆತಂಕ. ನಿಯಮಗಳೆಲ್ಲ ಹುಟ್ಟುವುದು ಇಲ್ಲಿಂದ.

ಅಡುಗೆ ಹೇಳಿಕೊಡುವ ಕಾರ್ಯಕ್ರಮಕ್ಕೆ ಈ ತೊಂದರೆ ಇಲ್ಲ. 'ಒಗ್ಗರಣೆ ಡಬ್ಬಿ' ನೋಡುವಾಗ ನಮಗೆ ಬೇಕಾದದ್ದು ಅಳತೆ ಮತ್ತು ವಿಧಾನ, ರುಚಿಯನ್ನು ನಾಳೆ ನಾವೇ ಮಾಡಿ ನೋಡಬಹುದು. ಅಡುಗೆ ಕಾರ್ಯಕ್ರಮವನ್ನು ಆಟ ಮಾಡಿದ್ದು ಆಮೇಲೆ. ಬ್ರಿಟನ್ನಿನ ಬಿಬಿಸಿಯಲ್ಲಿ 1990ರಲ್ಲಿ 'ಮಾಸ್ಟರ್‌ಶೆಫ್' ಶುರುವಾಯಿತು, ಅದನ್ನು ರೂಪಿಸಿದವರು ಸಿನಿಮಾ ನಿರ್ದೇಶಕ ಫ್ರಾಂಕ್ ರಾಡಮ್. 1993ರಲ್ಲಿ ಜಪಾನಿನ ಫ್ಯೂಜಿ ಟಿವಿ 'ಐರನ್ ಶೆಫ್' ತಂದಿತು. ಒಂದು ಮುಖ್ಯ ಪದಾರ್ಥವನ್ನು ಅಲ್ಲೇ ಬಯಲು ಮಾಡುವುದು, ಒಂದು ಗಂಟೆ ಟೈಮ್, ಕುಸ್ತಿ ಪಂದ್ಯದ ಹಾಗೆ ವರ್ಣನೆ. ಮನೆ ಅಡುಗೆ ಮಾಡುವವರನ್ನು ಪ್ರೊಫೆಷನಲ್ ಅಡುಗೆಮನೆಯಲ್ಲಿ ನಿಲ್ಲಿಸುವ ದೊಡ್ಡ ಸೆಟ್ಟಿನ ಮಾಸ್ಟರ್‌ಶೆಫ್ 2009ರಲ್ಲಿ ಆಸ್ಟ್ರೇಲಿಯಾದಲ್ಲಿ ಬಂತು. 2010ರಲ್ಲಿ ಭಾರತಕ್ಕೂ ಬಂತು, ಮೊದಲ ಸಲ ಗೆದ್ದವರು ಲಖನೌದ ಶಾಲಾ ಶಿಕ್ಷಕಿ ಪಂಕಜ್ ಭದೌರಿಯಾ. 2023ರಲ್ಲಿ ನಮ್ಮ ಮಂಗಳೂರಿನ ಮೊಹಮ್ಮದ್ ಆಶಿಕ್ ಗೆದ್ದರು. ತಮಿಳಿನಲ್ಲಿ ಅಡುಗೆಗೆ ಹಾಸ್ಯ ಬೆರೆಸಿದ ಶೋ 2019ರಲ್ಲಿ ಬಂದು, ಅದೇ ಮಾದರಿ ಕನ್ನಡದಲ್ಲಿ 'ಕುಕ್ಕು ವಿತ್ ಕಿರಿಕ್ಕು' ಆಯಿತು.

ಗಡಿಯಾರಕ್ಕೆ ಒಗ್ಗುವ ಅಡುಗೆ, ಒಗ್ಗದ ಅಡುಗೆ

ಚಾಪ್ಡ್‌ನಲ್ಲಿ ಮೂರು ಸುತ್ತು. ಮೊದಲ ತಿನಿಸಿಗೆ 20 ನಿಮಿಷ, ಮುಖ್ಯ ಅಡುಗೆಗೆ 30, ಸಿಹಿಗೆ 30. ಗೆದ್ದವರಿಗೆ 10,000 ಡಾಲರ್. ಬುಟ್ಟಿ ತೆರೆದರೆ ಒಂದಕ್ಕೊಂದು ಸಂಬಂಧವಿಲ್ಲದ ಪದಾರ್ಥಗಳು, ಸಾಮಾನ್ಯವಾಗಿ ನಾಲ್ಕು. ಅವೆಲ್ಲ ತಟ್ಟೆಯಲ್ಲಿ ಇರಲೇಬೇಕು.

ಬುಟ್ಟಿಯ ಭಾಗ ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ನೆಂಟರು ಬಂದಾಗ, ಮನೆಯಲ್ಲಿ ಕಡಲೆಹಿಟ್ಟು, ಉಳ್ಳಾಗಡ್ಡಿ ಬಿಟ್ಟು ಏನೂ ಇಲ್ಲದಾಗ, ಹತ್ತು ನಿಮಿಷದಲ್ಲಿ ಝುಣಕ ಆಗಿರುತ್ತದೆ. ಇದ್ದದ್ದರಲ್ಲಿ ಹೊಂದಿಸುವ ಕಲೆ ಅದು. ಬುಟ್ಟಿ ಪರೀಕ್ಷೆ ಮಾಡುವುದು ಇದನ್ನೇ. ಆ ಪರೀಕ್ಷೆ ನನಗೆ ನಿಜಕ್ಕೂ ಇಷ್ಟ.

ಗಡಿಯಾರದ ವಿಷಯ ಬೇರೆ. ಅದು ವೇಗ ಅಳೆಯುವುದಷ್ಟೇ ಅಲ್ಲ, ಯಾವ ಅಡುಗೆ ಕಣಕ್ಕೆ ಇಳಿಯಬಹುದು ಅನ್ನುವುದನ್ನೂ ಅದೇ ತೀರ್ಮಾನಿಸುತ್ತದೆ. ಬೇಗ ಹುರಿಯುವ, ಸುಡುವ ಅಡುಗೆಗೆ 30 ನಿಮಿಷ ಸಾಕು. ಹೋಳಿಗೆ ತಗೊಳ್ಳಿ. ಕಣಕ ನೆನೆಯಬೇಕು, ಎಣ್ಣೆ ಕುಡಿದು ಮೆತ್ತಗಾಗಬೇಕು. ಬೇಳೆ ಹದವಾಗಿ ಬೇಯಬೇಕು, ಒಡೆಯಬಾರದು. ಬಸಿಯಬೇಕು, ಬೆಲ್ಲ ಹಾಕಿ ಮತ್ತೆ ಕುದಿಸಬೇಕು, ರುಬ್ಬಬೇಕು, ಆರಬೇಕು. ಬಸಿದ ಕಟ್ಟಿನಲ್ಲಿ ಸಾರು ಆಗಬೇಕು. ಇದರಲ್ಲಿ ಕೈ ಕೆಲಸಕ್ಕಿಂತ ಕಾಯುವ ಕೆಲಸವೇ ಜಾಸ್ತಿ. ಧಾರವಾಡ ಪೇಡೆಯ ಕಂದು ಬಣ್ಣ, ಆ ಸುಟ್ಟ ಹಾಲಿನ ಘಮ, ಎರಡೂ ಖೋವಾವನ್ನು ಬಿಡದೆ ಹುರಿದಾಗ ಬರುವಂಥವು. ಗಡಿಯಾರ ಇಟ್ಟುಕೊಂಡು ಅದನ್ನು ಅವಸರ ಮಾಡಿದರೆ ತಳ ಹತ್ತುತ್ತದೆ. ಒಂದು ಗಂಟೆಯ ಆಟದಲ್ಲಿ ಇವು ಕಾಣದಿರುವುದಕ್ಕೆ ಕಾರಣ ಇಷ್ಟೇ. ಕಾಯುವವರನ್ನು ತೋರಿಸಿದರೆ ನೋಡುವವರು ಚಾನೆಲ್ ಬದಲಿಸುತ್ತಾರೆ.

ಇನ್ನು ಅಂಕ

'ಐರನ್ ಶೆಫ್ ಅಮೆರಿಕಾ'ದಲ್ಲಿ ಒಬ್ಬ ತೀರ್ಪುಗಾರರ ಕೈಯಲ್ಲಿ 20 ಅಂಕ ಇರುತ್ತಿತ್ತು. ರುಚಿಗೆ 10, ನೋಟಕ್ಕೆ 5, ಹೊಸತನಕ್ಕೆ 5. ಮೂವರು ಸೇರಿ 60. ನೋಡಲು ನ್ಯಾಯವಾಗೇ ಇದೆ, ರುಚಿಗೆ ಅರ್ಧ ಪಾಲು. ಆದರೆ ಈ ಹಂಚಿಕೆ ಏನು ಮಾಡುತ್ತದೆ ಅನ್ನುವುದನ್ನು ನಾನು ನಮ್ಮ ಓಣಿಯಲ್ಲೇ ಕಂಡೆ.

ಮೂರು ವರ್ಷದ ಹಿಂದೆ, ದಸರಾದಲ್ಲಿ, ನಮ್ಮ ಮಂಡಳದವರು ಟಿವಿ ನೋಡಿ ಇದೇ 10, 5, 5 ಇಟ್ಟುಕೊಂಡರು. ಹದಿನಾಲ್ಕು ಜನ ಬಂದಿದ್ದರು. ಅವರಲ್ಲಿ ಒಬ್ಬ ಅಕ್ಕಾರು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ (ಚಟ್ನಿಪುಡಿ) ಮಾಡಿದರು. ಇನ್ನೊಬ್ಬರು, ಹೊಸದಾಗಿ ಮದುವೆಯಾಗಿ ಬಂದ ಹುಡುಗಿ, ರಾಗಿಯ ಟ್ಯಾಕೋ ಮಾಡಿ ಅದರೊಳಗೆ ಮಡಿಕೆ ಕಾಳಿನ ಪಲ್ಯ ತುಂಬಿದ್ದಳು. ಚೆನ್ನಾಗಿತ್ತು, ಮನಸ್ಸಿಟ್ಟು ಮಾಡಿದ್ದಳು.

ಅಕ್ಕಾರು ರೊಟ್ಟಿ ಮಾಡುವುದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಜೋಳದ ಹಿಟ್ಟಿಗೆ ಗೋದಿಯ ಹಾಗೆ ತನ್ನದೇ ಅಂಟು ಇಲ್ಲ. ಅದಕ್ಕೇ ಕುದಿಯುವ ನೀರು ಹಾಕುತ್ತಾರೆ. ಬಿಸಿಗೆ ಹಿಟ್ಟಿನೊಳಗಿನ ಪಿಷ್ಟ ಉಬ್ಬಿ ಅಂಟಾಗುತ್ತದೆ, ಅದನ್ನೇ ನಾವು ಜಿಗಿ ಬಂತು ಅನ್ನುವುದು. ನೀರು ಒಂದು ಹದ ಕಮ್ಮಿಯಾದರೂ ಅಂಚು ಒಡೆಯುತ್ತದೆ. ಅವರು ಅಳೆಯಲಿಲ್ಲ, ನಾದುವಾಗ ಅಂಗೈಗೆ ಗೊತ್ತಾಗುತ್ತಿತ್ತು. ಬಡಿಯುವಾಗ ರೊಟ್ಟಿ ತನ್ನಷ್ಟಕ್ಕೆ ತಿರುಗುತ್ತಾ ಹೋಯಿತು, ನಡುವೆ ಎಷ್ಟು ತೆಳುವೋ ಅಂಚೂ ಅಷ್ಟೇ ತೆಳು. ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರಿದರು. ಆ ನೀರು ಒಣಗುವ ಮೊದಲೇ ತಿರುವಬೇಕು. ತಿರುವಿ, ಒಂದೆರಡು ಕಡೆ ಒತ್ತಿದರು, ಇಡೀ ರೊಟ್ಟಿ ಗಾಳಿ ತುಂಬಿಕೊಂಡು ಎದ್ದು ನಿಂತಿತು. ಎರಡು ಪದರ, ಒಳಗೆ ಹಬೆ. ಅದರ ಆಯುಷ್ಯ ಎರಡು ನಿಮಿಷ.

ತೀರ್ಪುಗಾರರ ಮೇಜು ಸಭಾಂಗಣದ ಇನ್ನೊಂದು ತುದಿಗಿತ್ತು. ಅಕ್ಕಾರ ನಂಬರು 11. ಅವರ ಸರದಿ ಬರುವ ಹೊತ್ತಿಗೆ ನಲವತ್ತು ನಿಮಿಷ ಕಳೆದಿತ್ತು. ರೊಟ್ಟಿ ಇಳಿದು, ಬಿಗಿದು, ಚರ್ಮದ ಹಾಗಾಗಿತ್ತು. ಎಣ್ಣೆಗಾಯಿಯ ಎಣ್ಣೆ ಬೇರೆಯಾಗಿ ನಿಂತಿತ್ತು. ಅಂಥದ್ದರಲ್ಲೂ ರುಚಿಗೆ 8 ಬಂತು. ನೋಟಕ್ಕೆ 2. ಹೊಸತನಕ್ಕೆ 1. ಒಟ್ಟು 11. ಟ್ಯಾಕೋಗೆ ರುಚಿಯಲ್ಲಿ 7, ನೋಟಕ್ಕೆ 4, ಹೊಸತನಕ್ಕೆ 5, ಒಟ್ಟು 16. ಕೂಡಿಸಿದ್ದು ನಾನೇ, ತಪ್ಪಿರಲಿಲ್ಲ. ರುಚಿಯಲ್ಲಿ ಮುಂದಿದ್ದವರು ಐದು ಅಂಕದಿಂದ ಸೋತರು. ಹೊಸತನಕ್ಕೆ ಐದು ಅಂಕ ಇಟ್ಟ ಕ್ಷಣವೇ ನೂರಾರು ವರ್ಷದ ಅಡುಗೆ ಹಿಂದೆ ನಿಂತುಬಿಟ್ಟಿರುತ್ತದೆ. ಮಾಡುವವರ ಕೈಗೂ ಅದಕ್ಕೂ ಸಂಬಂಧವಿಲ್ಲ.

ಇನ್ನೊಂದು ಮಾತು ಇದೆ. ನಮ್ಮದು ತಟ್ಟೆ ಊಟ. ರೊಟ್ಟಿ ಒಂದೇ ತಿಂದರೆ ಸಪ್ಪೆ. ಹಿಂಡಿ ಒಂದೇ ತಿಂದರೆ ಬಾಯಿ ಒಣಗುತ್ತದೆ. ಮೊಸರು, ಹಸಿ ಉಳ್ಳಾಗಡ್ಡಿ, ಮೆಂತೆ ಸೊಪ್ಪು ಜೊತೆಗೆ ಇದ್ದಾಗ, ಒಂದೊಂದು ತುತ್ತಿಗೂ ಉಣ್ಣುವವರೇ ಬೇರೆ ಬೇರೆ ಹೊಂದಾಣಿಕೆ ಮಾಡಿಕೊಳ್ಳುತ್ತಾರೆ. ಅಂದರೆ ಅಡುಗೆಯ ಕೊನೆಯ ಕೆಲಸ ನಡೆಯುವುದು ಉಣ್ಣುವವರ ಬೆರಳಲ್ಲಿ. ಒಂದು ಚಮಚದಲ್ಲಿ ಎಲ್ಲ ಬರಬೇಕು ಅನ್ನುವ ತೀರ್ಪಿಗೆ ಈ ಊಟ ಸಿಗುವುದೇ ಇಲ್ಲ.

ಖಾರದ್ದೂ ಒಂದು ಪೇಚಿದೆ. ಮೆಣಸಿನಕಾಯಿಯ ಉರಿ ನಾಲಿಗೆಯ ರುಚಿಯಲ್ಲ, ಅದು ಬಿಸಿ ತಾಗಿದ ಹಾಗೆ ನರಕ್ಕೆ ತಾಗುವುದು. ನೀರಿಗೆ ಹೋಗುವುದಿಲ್ಲ, ಹಾಲು ಮೊಸರಿಗೆ ಹೋಗುತ್ತದೆ. ಒಂಬತ್ತನೆಯ ತಟ್ಟೆ ಬಹಳ ಖಾರ ಇದ್ದರೆ ಹತ್ತನೆಯವರ ಅಂಕ ಅಲ್ಲೇ ಸುಟ್ಟಿತು. ಕ್ಯಾಮೆರಾಕ್ಕೆ ಮಾತ್ರ ಕೆಂಪು ಬೇಕೇ ಬೇಕು. 2011ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತು ಪಡೆದ ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಇಂಥ ಕಡೆ ಕೈ ಹಿಡಿಯುತ್ತದೆ. ಬಣ್ಣ ಗಾಢ, ಉರಿ ಕಮ್ಮಿ. ತಟ್ಟೆ ಕೆಂಪಗೆ ಕಾಣುತ್ತದೆ, ಮುಂದಿನವರಿಗೂ ತೊಂದರೆಯಿಲ್ಲ.

ಯಾರು ಗೆದ್ದರು, ಯಾರು ಹೊರಗೆ

ಬಹಳಷ್ಟು ಶೋಗಳಲ್ಲಿ ಅಂಕ ಕೂಡಿಸುತ್ತಾ ಹೋಗುವುದಿಲ್ಲ. ಪ್ರತಿ ಸುತ್ತಿನಲ್ಲಿ ಕೊನೆಯವರು ಹೊರಗೆ. ಇವೆರಡೂ ಒಂದೇ ಅನ್ನಿಸಬಹುದು, ಅಲ್ಲ. ಒಬ್ಬಳು ನಾಲ್ಕು ವಾರದಲ್ಲಿ 9, 9, 9, 3 ತಂದಳು ಅಂದುಕೊಳ್ಳಿ. ಇನ್ನೊಬ್ಬಳು 7, 7, 7, 7. ಕೂಡಿಸಿದರೆ ಮೊದಲಿನವಳಿಗೆ 30, ಎರಡನೆಯವಳಿಗೆ 28. ಲೀಗ್ ಪಂದ್ಯವಾಗಿದ್ದರೆ ಮೊದಲಿನವಳೇ ಮುಂದೆ. ನಾಕೌಟ್‌ನಲ್ಲಿ ಅವಳು ನಾಲ್ಕನೆಯ ವಾರ ಅಪ್ರಾನ್ ಬಿಚ್ಚಿಟ್ಟು ಮನೆಗೆ ಹೋಗಿರುತ್ತಾಳೆ. ಈ ಆಟದಲ್ಲಿ ಉಳಿಯಲು ಎಲ್ಲರಿಗಿಂತ ಚೆನ್ನಾಗಿ ಮಾಡಬೇಕಿಲ್ಲ, ಎಲ್ಲರಿಗಿಂತ ಕೆಟ್ಟದಾಗಿ ಮಾಡದಿದ್ದರೆ ಸಾಕು. ಶುರುವಿನ ವಾರಗಳಲ್ಲಿ ಜಾಣ ಸ್ಪರ್ಧಿಗಳು ಕೈಗೆ ಪಳಗಿದ್ದನ್ನೇ ಮಾಡುವುದು ಅದಕ್ಕೇ. ಹೊಸದಕ್ಕೆ ಕೈ ಹಾಕುವ ಧೈರ್ಯ ಕೊನೆಯ ವಾರಗಳಿಗೆ ಉಳಿಸಿಕೊಳ್ಳುತ್ತಾರೆ.

ಆಟದ ಭಾಗವನ್ನು ಇನ್ನೂ ದೂರ ಎಳೆದದ್ದು ಅಮೆರಿಕದ 'ಕಟ್‌ಥ್ರೋಟ್ ಕಿಚನ್', 2013ರಲ್ಲಿ ಶುರುವಾಯಿತು. ನಡೆಸಿಕೊಟ್ಟವರು ಆಲ್ಟನ್ ಬ್ರೌನ್. ನಾಲ್ವರು ಸ್ಪರ್ಧಿಗಳಿಗೂ ಮೊದಲೇ 25,000 ಡಾಲರ್ ಕೊಡುತ್ತಿದ್ದರು. ಆಮೇಲೆ ಎದುರಾಳಿಗೆ ತೊಂದರೆ ಕೊಡುವ ಅವಕಾಶಗಳನ್ನು ಲಿಲಾವು ಹಾಕುತ್ತಿದ್ದರು. ಅವರ ಚಾಕು ಕಿತ್ತುಕೊಳ್ಳುವುದು, ಪಾತ್ರೆ ಬದಲು ಇನ್ನೇನೋ ಕೊಡುವುದು, ಹೀಗೆ. ಕೂಗಿ ಹಿಡಿದವರ ದುಡ್ಡು ಕಮ್ಮಿಯಾಗುತ್ತಿತ್ತು. 6,000ಕ್ಕೆ ಹಿಡಿದರೆ ಉಳಿಯುವುದು 19,000. ಕೊನೆಗೆ ಗೆದ್ದರೆ ಮನೆಗೆ ಹೋಗುವುದು ಆ ಉಳಿದ ದುಡ್ಡೇ. ಭಿಶಿ (ಚೀಟಿ ಫಂಡ್) ಕೂಗುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಈಗ ಬೇಕು ಅಂದರೆ ಕೈಗೆ ಬರುವುದು ಕಮ್ಮಿ. ಜಾಸ್ತಿ ಕೂಗಿದರೆ ಗೆಲ್ಲುವ ದಾರಿ ಸಲೀಸಾಗುತ್ತದೆ, ಗೆದ್ದದ್ದು ಸಣ್ಣದಾಗುತ್ತದೆ. ಈ ಶೋದಲ್ಲಿ ನನಗೆ ಹಿಡಿಸಿದ ನಿಯಮ ಒಂದಿದೆ: ರುಚಿ ನೋಡುವವರಿಗೆ ಯಾರಿಗೆ ಏನು ತೊಂದರೆ ಕೊಟ್ಟರು ಅಂತ ಹೇಳುತ್ತಿರಲಿಲ್ಲ. ಕಥೆ ಕೇಳದೆ, ತಟ್ಟೆಯಲ್ಲಿ ಇದ್ದದ್ದಕ್ಕಷ್ಟೇ ತೀರ್ಪು.

ನೋಡುವ ನಮಗೆ ಮಾತ್ರ ಕಥೆಯೇ ಸಿಗುವುದು. ಒಂದು ಗಂಟೆಯ ಅಡುಗೆಗೆ ಹತ್ತು ಕ್ಯಾಮೆರಾ ಇಟ್ಟರೆ ಹತ್ತು ಗಂಟೆಯ ಚಿತ್ರ ಆಗುತ್ತದೆ. ಅದರಲ್ಲಿ ನಮಗೆ ಬರುವುದು ಕೆಲವೇ ನಿಮಿಷ. ಯಾವುದು ಉಳಿಯಬೇಕು ಅನ್ನುವುದನ್ನು ಎಡಿಟಿಂಗ್ ಮೇಜಿನ ಮುಂದೆ ಕೂತವರು ಆರಿಸುತ್ತಾರೆ. ಅಷ್ಟೊತ್ತಿಗೆ ಫಲಿತಾಂಶ ಅವರಿಗೆ ಗೊತ್ತಿರುತ್ತದೆ. ಹಾಗಾಗಿ ಸೋಲುವವರ ಕೈ ನಡುಗಿದ್ದು ನಮಗೆ ಮೊದಲೇ ಕಾಣಿಸುತ್ತದೆ. "ನನಗೀಗ ಬಹಳ ಭಯ ಆಗ್ತಿದೆ" ಅಂತ ಸ್ಪರ್ಧಿ ಒಬ್ಬಳೇ ಕೂತು ಹೇಳುವ ಮಾತು ಅಡುಗೆ ಮುಗಿದ ಮೇಲೆ ಚಿತ್ರೀಕರಿಸಿದ್ದು. ಆ ಕ್ಷಣದಲ್ಲೇ ಇದ್ದ ಹಾಗೆ ಮಾತಾಡಿಸುತ್ತಾರೆ. ಒಗ್ಗರಣೆ ಚುರ್ ಅಂದ ಸದ್ದನ್ನೂ ಎಷ್ಟೋ ಸಲ ಆಮೇಲೆ ಸೇರಿಸಿರುತ್ತಾರೆ.

ಹಾಗಾದರೆ ಎಲ್ಲ ಮೋಸವೇ ಅಂತ ನಮ್ಮ ವೈನಿ ಕೇಳಿದರು. ಕಥೆ ಜೋಡಿಸುವುದು ಬೇರೆ, ಫಲಿತಾಂಶ ತಿರುಚುವುದು ಬೇರೆ. ಅಮೆರಿಕದಲ್ಲಿ 1950ರ ದಶಕದಲ್ಲಿ ಟಿವಿ ಕ್ವಿಜ್‌ಗಳಲ್ಲಿ ಕೆಲವರಿಗೆ ಉತ್ತರ ಮೊದಲೇ ಹೇಳಿಕೊಟ್ಟಿದ್ದು ಬಯಲಾಗಿ ದೊಡ್ಡ ಗಲಾಟೆಯಾಯಿತು. 1960ರಲ್ಲಿ ಅಂಥ ಸ್ಪರ್ಧೆ ತಿರುಚುವುದನ್ನೇ ಅಪರಾಧ ಮಾಡಿ ಕಾನೂನು ತಂದರು. ಅಲ್ಲಿನ ಚಾನೆಲ್‌ಗಳು ನಿಯಮ ಪಾಲನೆ ನೋಡಲು ಜನರನ್ನೇ ಇಟ್ಟಿರುತ್ತವೆ. ನೋಡುವವರು ನಂಬದಿದ್ದರೆ ಆಟ ಉಳಿಯುವುದಿಲ್ಲ, ಅದು ಅವರಿಗೂ ಗೊತ್ತು.

ನಮ್ಮ ಮಂಡಳದಲ್ಲಿ ಮರುವರ್ಷ ಕೂತು ನಿಯಮ ಬದಲಿಸಿದೆವು. ಬಹಳ ಚರ್ಚೆಯಾಯಿತು. ಕೊನೆಗೆ ರುಚಿಗೆ 12, ಕೈಗೆಲಸಕ್ಕೆ 5, ನೋಟಕ್ಕೆ 3. ಹೊಸದಾಗಿ ಮಾಡುವವರಿಗೆ ಬೇರೆಯೇ ಬಹುಮಾನ, ಆ ಹುಡುಗಿಯರ ಉತ್ಸಾಹವೂ ಕುಂದಬಾರದಲ್ವಾ. ನೆನೆಸುವುದು, ಬೇಳೆ ಬೇಯಿಸುವುದು ಮನೆಯಲ್ಲೇ ಮಾಡಿಕೊಂಡು ಬರಬಹುದು. ಸರದಿಗೆ ಚೀಟಿ ಎತ್ತುವುದು. ಒಂದು ತಟ್ಟೆಗೂ ಇನ್ನೊಂದಕ್ಕೂ ನಡುವೆ ಅರ್ಧ ಲೋಟ ಮಜ್ಜಿಗೆ. ಎಲ್ಲಕ್ಕಿಂತ ಮುಖ್ಯ, ತೀರ್ಪುಗಾರರ ಮೇಜನ್ನೇ ತೆಗೆದೆವು. ಅವರು ಒಲೆ ಪಕ್ಕ ಚಾಪೆ ಮೇಲೆ ಕೂರಬೇಕು, ಮಾಡಿದವರು ಬಡಿಸಬೇಕು, ಕೈಯಲ್ಲಿ ಉಣ್ಣಬೇಕು.

ತೀರ್ಪುಗಾರರಲ್ಲಿ ಅವ್ವನೂ ಒಬ್ಬಳು. ಅದೇ ಅಕ್ಕಾರು ಆ ಸಲವೂ ರೊಟ್ಟಿ ಮಾಡಿದರು. ಹಂಚಿನಿಂದ ತಟ್ಟೆಗೆ ಬಂದ ರೊಟ್ಟಿಯ ಮೇಲ್ಪದರ ಅವ್ವ ಬೆರಳಿಂದ ಒಡೆದಳು, ಹಬೆ ಎದ್ದಿತು. ಎಣ್ಣೆಗಾಯಿ, ಹಿಂಡಿ, ಮೊಸರು ಹಚ್ಚಿಕೊಂಡು ಮಾತಾಡದೆ ಉಂಡಳು. ಮಾರ್ಕ್ಸ್ ಹಾಳೆ ಹಿಡಿದು ನಾನು ಕಾಯುತ್ತಿದ್ದೆ. ಅವಳು ನನ್ನ ಕಡೆ ನೋಡಲೇ ಇಲ್ಲ. "ಇನ್ನೊಂದು ಅರ್ಧ ಹಾಕ್ರಿ ಅಕ್ಕಾರ" ಅಂದಳು. ಆಮೇಲೆ ಎಡಗೈಯಲ್ಲಿ ಹಾಳೆ ಒತ್ತಿ ಹಿಡಿದು, ರುಚಿಯ ಮನೆಯಲ್ಲಿ 11 ಅಂತ ಬರೆದಳು. ಅಂಕದ ಪಕ್ಕದಲ್ಲಿ ಎಣ್ಣೆಗಾಯಿಯ ಕೆಂಪು ಬೆರಳಚ್ಚು ಇನ್ನೂ ಹಾಗೇ ಇದೆ.